ಆದಿಲಕ್ಷ್ಮಮ್ಮನ ಏಳು ಹೊತ್ತಿನ ರಜಾ

ಆದಿಲಕ್ಷ್ಮಮ್ಮ ಒಲೆ ಮುಂದೆ ನಿಂತದ್ದು ಮೂವತ್ತಾರು ವರ್ಷ. ಬೂದಿಕೋಟೆಯಿಂದ ಮದುವೆಯಾಗಿ ಮೈಸೂರು ಮೈನ್ಸ್ ಅನ್ನುವ ಚಿನ್ನದ ಗಣಿಯ ಲೈನು ಮನೆಗೆ ಬಂದದ್ದು ಒಂದು ಸೋಮವಾರ. ಮಂಗಳವಾರ ಬೆಳಗಿನ ಜಾವ ನಾಲ್ಕೂವರೆಗೆಲ್ಲ ಗಂಡನ ಮೊದಲ ಶಿಫ್ಟಿಗೆ ಬುತ್ತಿ ಕಟ್ಟಿದ್ದಳು. ಅಲ್ಲಿಂದ ಒಂದು ವಾರ ಬೆಳಗಿನ ಶಿಫ್ಟು, ಒಂದು ವಾರ ಮಧ್ಯಾಹ್ನದ್ದು, ಒಂದು ವಾರ ರಾತ್ರಿಯದು. ಗಣಿಯ ಸೈರನ್ ಕೂಗಿದಾಗಲೆಲ್ಲ ಆ ಸಾಲುಮನೆಗಳಲ್ಲಿ ಒಂದು ಒಲೆ ಹೊತ್ತಿಕೊಳ್ಳುತ್ತಿತ್ತು. ಗಂಡ ಉಂಡ ಮೇಲೆ ಮಕ್ಕಳು, ಮಕ್ಕಳಾದ ಮೇಲೆ ಬಂದವರು ಹೋದವರು, ಅವರೆಲ್ಲ ಆದ ಮೇಲೆ ತಳ ಕೆರೆದುಕೊಂಡು ತಾನು. ಬಿಸಿ ಅನ್ನದಿಂದ ಹಬೆ ಏಳುವುದನ್ನು ಅವಳು ದಿನವೂ ನೋಡಿದ್ದಳು. ತನ್ನ ತಟ್ಟೆಯಿಂದ ಎದ್ದದ್ದನ್ನು ನೋಡಿರಲಿಲ್ಲ.

ಗಂಡ ಕೋದಂಡಪ್ಪ ಅವಳಿಗೆ ಸೋದರಮಾವ. ಮದುವೆಗೆ ಮುಂಚೆ ಮಾವ ಎನ್ನುತ್ತಿದ್ದವಳು ಆಮೇಲೂ ಹಾಗೇ ಕರೆಯುತ್ತಿದ್ದಳು. ಅವನು ಚಿನ್ನದ ಗಣಿಯಲ್ಲಿ ಮೂವತ್ತೆಂಟು ವರ್ಷ ಕೆಲಸ ಮಾಡಿಯೂ ಒಂದು ದಿನವೂ ಗಣಿಯೊಳಗೆ ಇಳಿದವನಲ್ಲ. ಅವನದು ಮೇಲೆ, ಕಿಟಕಿಯ ಹಿಂದೆ, ಬಿಲ್ಲೆ ಕೊಡುವ ಕೆಲಸ. ಕೆಳಗಿಳಿಯುವ ಪ್ರತಿಯೊಬ್ಬನೂ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಇಳಿಯಬೇಕು, ಮೇಲೆ ಬಂದ ಮೇಲೆ ವಾಪಸು ಕೊಡಬೇಕು. ಕೋದಂಡಪ್ಪ ಅದನ್ನು ಹಲಗೆಯ ಮೊಳೆಗೆ ನೇತುಹಾಕಬೇಕು. ಶಿಫ್ಟು ಮುಗಿದ ಮೇಲೂ ಒಂದು ಮೊಳೆ ಖಾಲಿ ಇತ್ತೆಂದರೆ ಒಬ್ಬ ಮನುಷ್ಯ ಇನ್ನೂ ನೆಲದೊಳಗಿದ್ದಾನೆ ಎಂದು ಅರ್ಥ. ಆಗ ಗಂಟೆ ಹೊಡೆಯಬೇಕು, ಜನ ಹಗ್ಗ ದೀಪ ಹಿಡಿದು ಓಡಬೇಕು.

ಇನ್ನೊಂದು ಕಟ್ಟಳೆಯೂ ಇತ್ತು. ಬಿಲ್ಲೆ ಮೊಳೆಗೆ ಬಿದ್ದವನನ್ನು ಅದೇ ದಿನ ಮತ್ತೆ ಕೆಳಗೆ ಕಳಿಸುವ ಹಾಗಿಲ್ಲ. ಒಮ್ಮೆ ಒಬ್ಬ ದೊಡ್ಡ ಸಾಹೇಬರು, ಆಳು ಕಮ್ಮಿ ಬಿದ್ದಿದೆ, ಅವನನ್ನೇ ಇನ್ನೊಂದು ಸಲ ಇಳಿಸು ಎಂದಾಗ ಕೋದಂಡಪ್ಪ ಕಿಟಕಿಯ ಬಾಗಿಲು ಮುಚ್ಚಿ ಕೂತುಬಿಟ್ಟಿದ್ದನಂತೆ. ಅದರಿಂದ ಬರಬೇಕಾದ ಪ್ರಮೋಷನ್ ತಪ್ಪಿತು, ಆದರೆ ಹೇಳಿಕೊಳ್ಳಲು ಒಂದು ಕಥೆ ಸಿಕ್ಕಿತು. ಆ ಕಥೆಯನ್ನು ಮನೆಗೆ ಬಂದ ನೆಂಟರೆಲ್ಲ ಎರಡೆರಡು ಸಲ ಕೇಳಿದ್ದರು.

ರಿಟೈರ್ ಆದ ದಿನ ಅವನಿಗೆ ಒಂದು ಹಾರ, ಒಂದು ಗೋಡೆ ಗಡಿಯಾರ, ತೂತು ಸವೆದು ಮೊಳೆಗೆ ನಿಲ್ಲದ ೨೧೨ನೇ ನಂಬರಿನ ಒಂದು ಹಳೆ ಬಿಲ್ಲೆ ಸಿಕ್ಕವು. ಹಾರ ಬಾಡಿತು. ಗಡಿಯಾರ ನಿಂತಿತು. ಬಿಲ್ಲೆ ಮಾತ್ರ ಅವನ ಅಂಗಿಯ ಜೇಬಿನಲ್ಲೇ ಉಳಿಯಿತು.

"ಆದೀ, ನಿಂಗೇನು ಬೇಕು ಕೇಳು. ಸೀರೆನಾ, ಓಲೆನಾ?" ಎಂದ.

ಅವಳು ಅಕ್ಕಿ ಡಬ್ಬದ ಕೆಳಗಿಂದ ಒಂದು ಎಣ್ಣೆಜಿಡ್ಡಿನ ಕಾಗದ ತೆಗೆದಳು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಕಡಲೆಕಾಯಿ ಕಟ್ಟಿಕೊಟ್ಟಿದ್ದ ಕಾಗದ ಅದು. ಅವಳಿಗೆ ಓದು ಅಷ್ಟಕ್ಕಷ್ಟೆ, ಆದರೆ 'ಊಟ' ಅನ್ನುವ ಎರಡಕ್ಷರ ಹೋಟೆಲು ಬೋರ್ಡುಗಳ ದಯದಿಂದ ಗೊತ್ತಿತ್ತು. ಆ ಕಾಗದದಲ್ಲಿ ಅದು ನಾಲ್ಕು ಕಡೆ ಇತ್ತು. ಅದಕ್ಕೇ ಇಟ್ಟುಕೊಂಡಿದ್ದಳು.

ಕೋದಂಡಪ್ಪ ಕನ್ನಡಕ ಹಾಕಿಕೊಂಡು ಓದಿದ. ಬೇತಮಂಗಲದ ಕೆರೆ ದಂಡೆಯ ಮೇಲೆ ಹೊಸದಾಗಿ ಪಾಲಾರ್ ರೆಸಾರ್ಟ್ ಅಂತ ಆಗಿದೆ. ಮೂರು ದಿನ, ಏಳು ಹೊತ್ತು. ತಂಗುವುದು, ಊಟ, ತಿಂಡಿ, ಕಾಫಿ, ರಾತ್ರಿ ಲೋಟ ಹಾಲು, ಎಲ್ಲ ಸೇರಿ ತಲೆಗೆ ನಾನೂರು.

"ಇಲ್ಲಿಗೆ ಓಗಿ ಏನು ಮಾಡ್ತೀಯಾ?"

"ಕುಂತ್ಕತೀನಿ. ಯಾರೋ ಮಾಡ್ತಾರೆ, ಯಾರೋ ಬಡಿಸ್ತಾರೆ, ಬಿಸಿಬಿಸಿ ತಿಂತೀನಿ. ಏಳು ಹೊತ್ತು. ಸೌಟು ಮುಟ್ಟಾಕಿಲ್ಲ ಮಾವ."

ಸುದ್ದಿ ಸಾಲುಮನೆಗಳಿಗೆಲ್ಲ ಹರಡಲು ಒಂದು ಮಧ್ಯಾಹ್ನ ಸಾಕಾಯಿತು. ಪಕ್ಕದ ಮನೆಯ ವರಲಕ್ಷ್ಮಮ್ಮ ಬಿಂದಿಗೆ ಹಿಡಿದುಕೊಂಡೇ ಬಂದಳು.

"ಅಲ್ಲ ಅಕ್ಕಾ, ಬೇತಮಂಗಲದ ನೀರು ನಮ್ಮ ನಲ್ಲಿಗೇ ಬತ್ತೈತಲ್ಲ! ಅದನ್ನ ನೋಡಾಕೆ ದುಡ್ಡು ಕೊಟ್ಟು ಓಗ್ತೀಯಾ? ಎರಡು ಗ್ರಾಂ ಬಂಗಾರ ಬರೋದು ಆ ದುಡ್ಡಿಗೆ."

"ಬಂಗಾರ ನಮ್ಮ ಕಾಲು ಕೆಳಗೇ ಐತೆ. ಬಿಸಿ ಅನ್ನ ಇಲ್ಲವಲ್ಲೇ."

"ಆ ಅನ್ನ ತಿಂದು ಒಟ್ಟೆ ಕೆಟ್ರೆ?"

"ನಂದು ತಾನೇ ಕೆಡೋದು. ನಿಂದೇನು ಓಯ್ತು?"

ಹೊರಡುವ ದಿನ ಅವಳು ಎಲೆಅಡಿಕೆ ಚೀಲಕ್ಕೆ ಏಳು ಹುಣಸೆ ಬೀಜ ಹಾಕಿಕೊಂಡಳು. ಕಟ್ಟಳೆ ತನಗೆ ತಾನೇ ಹಾಕಿಕೊಂಡದ್ದು: ಕೂತು, ಏಳದೆ, ಬಿಸಿಯಾಗಿ, ಇನ್ನೊಬ್ಬರು ಬಡಿಸಿದ್ದನ್ನು ಉಂಡರೆ ಮಾತ್ರ ಒಂದು ಬೀಜ ಎಸೆಯಬೇಕು. ಇಲ್ಲದಿದ್ದರೆ ಇಲ್ಲ.

ಸಂಕ್ರಾಂತಿ ಕಳೆದ ವಾರದ ಶುಕ್ರವಾರ ಬಸ್ಸಿಳಿದರು. ಹತ್ತು ಹೆಂಚಿನ ಕೋಣೆಗಳು, ನಡುವೆ ಊಟದ ಶೆಡ್ಡು, ಹಿಂದೆ ಬಂಡೆ, ಮುಂದೆ ನೀರು. ಮ್ಯಾನೇಜರ್ ರಾಮಚಂದ್ರಪ್ಪ ಟೈ ಕಟ್ಟಿಕೊಂಡು ನಿಂತಿದ್ದ. ಅವನ ಬೆನ್ನ ಹಿಂದೆ ಗೋಡೆಗೆ ಒಂದು ಹಲಗೆ. ಹಲಗೆಯಲ್ಲಿ ಹತ್ತು ಕೋಣೆಗೆ ಹತ್ತು ಮೊಳೆ, ಕೊನೆಗೆ ಖಾಲಿಯದೊಂದು. ಮೊಳೆಗಳಲ್ಲಿ ಬೀಗದ ಕೈಗಳು, ಒಂದೊಂದಕ್ಕೂ ಒಂದು ಹಿತ್ತಾಳೆ ಬಿಲ್ಲೆ, ಬಿಲ್ಲೆಯ ಮೇಲೆ ನಂಬರು.

ಕೋದಂಡಪ್ಪನ ಮುಖ ಬೆಳಗಿತು. ಆದಿಲಕ್ಷ್ಮಮ್ಮ ಕೈಯಲ್ಲಿದ್ದ ಗಂಟನ್ನು ಕೆಳಗಿಟ್ಟಳು.

"ಇದನ್ನ ಯಾರು ನೋಡ್ಕಂತಾರೆ ಸಾಮಿ?" ಎಂದ ಅವನು.

"ಯಾರೂ ಇಲ್ಲ ಯಜಮಾನ್ರೇ. ಹೊರಗೆ ಹೋಗೋವ್ರು ಕೊಟ್ಟು ಹೋಗ್ತಾರೆ, ಬಂದು ತಗೋತಾರೆ."

"ಯಾರೂ ಇಲ್ಲ!" ಕೋದಂಡಪ್ಪ ಹೆಂಡತಿಯ ಕಡೆ ತಿರುಗಿದ. "ಕೇಳಿದ್ಯಾ? ಇಷ್ಟು ದೊಡ್ಡ ಕೆರೆ ಮುಂದೆ ಇಟ್ಕಂಡು, ಯಾರೂ ಇಲ್ಲವಂತೆ."

ತಮ್ಮ ನಾಲ್ಕನೇ ನಂಬರಿನ ಕೋಣೆಗೆ ಗಂಟು ಹೊತ್ತದ್ದು ಆದಿಲಕ್ಷ್ಮಮ್ಮ. ಅವನು ಕುರ್ಚಿಯೊಂದನ್ನು ಎಳೆದುಕೊಂಡು ಹಲಗೆಯ ಪಕ್ಕ ಕೂತಾಗಿತ್ತು.

ಮೊದಲ ಹೊತ್ತು ಕೆಟ್ಟದ್ದು ಅವಳಿಂದಲೇ. ಮಧ್ಯಾಹ್ನ ಎಲೆ ಹಾಕಿದರು. ಅವಳು ಅಭ್ಯಾಸಬಲದಿಂದ ಗಂಡನ ಕುರ್ಚಿಯ ಹಿಂದೆ ನಿಂತಳು. ಅಡುಗೆಯ ಆರುಮುಗಂ ಬಕೆಟ್ಟು ಹಿಡಿದು ಬಂದವನು, "ಉಕ್ಕಾರುಂಗಮ್ಮಾ, ನೀವೂ ಕೂತ್ಕೊಳ್ಳಿ" ಎಂದ. ಕೂತಳು. ಗಂಡನ ಲೋಟದಲ್ಲಿ ನೀರಿರಲಿಲ್ಲ, ಎದ್ದಳು. ಕೂತಳು. ಎದುರಿನ ಮಗುವೊಂದು ಉಪ್ಪು ಚೆಲ್ಲಿತು, ಎದ್ದು ಬಳಿದಳು. ನಾಲ್ಕನೇ ಸಲ ಕೂರುವ ಹೊತ್ತಿಗೆ ಅನ್ನ ಆರಿ ಭತ್ತದ ಕಾಳಿನ ಹಾಗೆ ಗಡುಸಾಗಿತ್ತು. ಬೀಜ ಚೀಲದಲ್ಲೇ ಉಳಿಯಿತು.

ಎರಡನೆಯದು ಕೆಟ್ಟದ್ದು ಅವನಿಂದ. ಸಾಯಂಕಾಲ ವಾಕಿಂಗಿಗೆ ಹೋದವರೆಲ್ಲ ತಿರುಗಿ ಬಂದು ಅವನ ಲೆಕ್ಕ ಸರಿಯಾಗುವತನಕ ಕೋದಂಡಪ್ಪ ಊಟಕ್ಕೆ ಏಳಲಿಲ್ಲ. ಗಂಡನಿಗೆ ಮುಂಚೆ ತುತ್ತು ಎತ್ತುವುದು ಅವಳಿಗೆ ಬರುತ್ತಿರಲಿಲ್ಲ. ಸಾರಿನ ಮೇಲೆ ಕೆನೆ ಕಟ್ಟಿತು.

ಮೂರನೆಯದು ನಿದ್ದೆಯಿಂದ. ನಾಲ್ಕೂವರೆಗೇ ಎಚ್ಚರವಾಗಿ, ಏನೂ ಕೆಲಸವಿಲ್ಲದೆ, ಊಟದ ಶೆಡ್ಡಿನಲ್ಲಿ ಹೋಗಿ ಕೂತಿದ್ದಳು. ಎಂಟು ಗಂಟೆಗೆ ಇಡ್ಲಿ ಬರುವಾಗ ಕುರ್ಚಿಯಲ್ಲೇ ಗೊರಕೆ. ಕಣ್ಣು ಬಿಟ್ಟಾಗ ಎಲೆ ಖಾಲಿ.

"ನನ್ನ ಇಡ್ಲಿ ಎಲ್ಲಿ ಮಾವ?"

"ಪಾಪ ನಿದ್ದೆ ಮಾಡ್ತಿದ್ದೀಯಲ್ಲ ಅಂತ ಎಬ್ಬಿಸ್ಲಿಲ್ಲ. ಆರೋಗ್ತಿತ್ತು. ನಾನೇ ತಿಂದೆ."

ಮೂರು ಹೊತ್ತು ಹೋಯಿತು, ಬೀಜ ಏಳೂ ಹಾಗೇ ಇದ್ದವು. ಆದಿಲಕ್ಷ್ಮಮ್ಮ ಸಿಟ್ಟು ಮಾಡುವ ಹೆಂಗಸಲ್ಲ. ಅವಳು ಅಡುಗೆಮನೆಯ ಕಿಟಕಿಯ ಹತ್ತಿರ ಹೋಗಿ, ಮಧ್ಯಾಹ್ನಕ್ಕೆ ಏನಪ್ಪ ಎಂದು ಕೇಳಿದಳು.

"ಹಿದಕವರೆ ಸಾರು, ಮುದ್ದೆ, ಅನ್ನ" ಎಂದ ಆರುಮುಗಂ.

ಅವಳು ಕಿಟಕಿಯ ಸರಳು ಹಿಡಿದುಕೊಂಡಳು. ಅವರೆಕಾಯಿ ಸುಲಿದು, ಕಾಳು ನೆನೆಹಾಕಿ, ಒಂದೊಂದನ್ನೂ ಬೆರಳಲ್ಲಿ ಹಿಸುಕಿ ಸಿಪ್ಪೆ ಬಿಡಿಸಬೇಕು. ಒಂದು ಸೇರಿಗೆ ಎರಡು ಗಂಟೆ. ಬೆರಳ ತುದಿ ಸುಕ್ಕಾಗಿ ಉಗುರಿನ ಸಂದಿ ಉರಿಯುತ್ತದೆ. ಮೂವತ್ತಾರು ಚಳಿಗಾಲ ಅವಳು ಹಿಸುಕಿದ್ದಳು.

"ಯಾರು ಇದುಕಿದ್ದು?"

"ನಾನೇಮ್ಮಾ. ಸಹಾಯಕ್ಕಿದ್ದವಳು ಹಬ್ಬಕ್ಕೆ ಊರಿಗೆ ಹೋದವಳು ಬಂದಿಲ್ಲ. ನೈಟೆಲ್ಲ ಹಿಚುಕಿದೀನಿ."

ಅವಳ ಕಣ್ಣು ತುಂಬಿತು. ತನಗಾಗಿ ಒಬ್ಬ ಗಂಡಸು ಅವರೆಕಾಳು ಹಿಸುಕಿದ್ದಾನೆ! ಅವನು ಹದಿನಾಲ್ಕು ಜನಕ್ಕೆ ಹಿಸುಕಿದ್ದ, ಅದು ಬೇರೆ ಮಾತು.

ಒಂದು ಗಂಟೆಗೆ ಊಟದ ಗಂಟೆ ಹೊಡೆಯಿತು. ಆದಿಲಕ್ಷ್ಮಮ್ಮ ಮೊದಲೇ ಗಂಡನಿಗೆ ಲೋಟ ತುಂಬಿಸಿಟ್ಟು, ಉಪ್ಪಿನ ಬಟ್ಟಲನ್ನು ಮಗುವಿನ ಕೈಗೆ ಸಿಗದ ಹಾಗೆ ಸರಿಸಿ, ಕೈ ತೊಳೆದು, ಕೂತಾಗಿತ್ತು. ಒಳಗಿಂದ ಸಾರಿನ ಘಮ ಬರುತ್ತಿತ್ತು. ಜನ ಒಬ್ಬೊಬ್ಬರೇ ಬೀಗದ ಕೈ ಕೊಟ್ಟು ಬಂದು ಕೂತರು. ಕೋದಂಡಪ್ಪ ಒಂದೊಂದನ್ನೂ ಮೊಳೆಗೆ ಹಾಕಿ ಎಣಿಸಿದ.

ಒಂಬತ್ತು ನಂಬರಿನ ಮೊಳೆ ಖಾಲಿ.

ಐದು ನಿಮಿಷ ಕಾದ. ಒಂಬತ್ತರ ಬಾಗಿಲು ತಟ್ಟಿ ಬಂದ. ಬೀಗ ಹಾಕಿತ್ತು, ಒಳಗೆ ಉಸಿರಿಲ್ಲ. ರಿಜಿಸ್ಟರಿನಲ್ಲಿ ಇಬ್ಬರ ಹೆಸರಿತ್ತು, ಹೊಸದಾಗಿ ಮದುವೆಯಾದ ಗಂಡಹೆಂಡಿರು. ಬೆಳಗ್ಗೆ ಹತ್ತಕ್ಕೆ ನೀರಿನ ಕಡೆ ಹೋದದ್ದನ್ನು ಯಾರೋ ಕಂಡಿದ್ದರು.

ಕೋದಂಡಪ್ಪ ಊಟದ ಗಂಟೆಯ ಹಗ್ಗ ಹಿಡಿದು ಎಳೆಯತೊಡಗಿದ. ಢಣಢಣ ಢಣಢಣ.

"ಒಂಬತ್ತು ನಂಬರ್ ಮ್ಯಾಲೆ ಬಂದಿಲ್ಲ! ಎರಡು ಜೀವ! ಗಂಡಾಳೆಲ್ಲ ಏಳ್ರಿ! ಅಗ್ಗ ತತ್ರೀ!"

"ಯಜಮಾನ್ರೇ, ಕೀ ಜೇಬಲ್ಲಿ ಇಟ್ಕೊಂಡು ಹೋಗಿರ್ತಾರೆ..." ಎಂದ ಮ್ಯಾನೇಜರ್.

"ಎಲ್ಲಾ ಇಂಗೇ ಅಂತಾರೆ. ಆಮ್ಯಾಲೆ ಎಣ ಎತ್ತುವಾಗ ಅಳ್ತಾರೆ. ಇದು ನಿನ್ನ ರೆಸಾಲ್ಟು, ಪೊಲೀಸು ನಿನ್ನೇ ಕೇಳೋದು."

ಪೊಲೀಸು ಅಂದದ್ದೇ ಮ್ಯಾನೇಜರ್ ಟೈ ಬಿಚ್ಚಿ ಓಡಿದ. ತಂಗಲು ಬಂದಿದ್ದ ಬೆಂಗಳೂರಿನ ಗಂಡಸರು ಓಡಿದರು. ಆರುಮುಗಂ ಈಜು ಬಲ್ಲವನೆಂದು ಅವನನ್ನೂ ಕೋದಂಡಪ್ಪ ಎಳೆದುಕೊಂಡ. ಬಂಡೆಯ ಕಡೆ ಕೋತಿಗಳ ಕಾಟವೆಂದು ಆರುಮುಗಂ ಅಡುಗೆಮನೆಗೆ ಬೀಗ ಜಡಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದ.

ಒಲೆ ಮಾತ್ರ ಉರಿಯುತ್ತಲೇ ಇತ್ತು.

ಸ್ವಲ್ಪ ಹೊತ್ತಿಗೆ ಘಮದ ಬಣ್ಣ ಬದಲಾಯಿತು. ಆದಿಲಕ್ಷ್ಮಮ್ಮನ ಮೂಗು ಅದನ್ನು ಎಲ್ಲರಿಗಿಂತ ಮೊದಲು ಹಿಡಿಯಿತು. ಈಗ ಕುದಿ ಹೆಚ್ಚಾಯಿತು. ಈಗ ನೀರು ಇಂಗಿತು. ಈಗ ತಳ ಹಿಡಿಯಿತು. ಸೌಟು ಮುಟ್ಟುವುದಿಲ್ಲ ಎಂದದ್ದು ನಿಜ, ಆದರೆ ಹಿದಕವರೆ ಸಾರು ಸೀಯುತ್ತಿರುವಾಗ ಕೂತಿರುವ ಕಾಲುಗಳನ್ನು ದೇವರು ಅವಳಿಗೆ ಕೊಟ್ಟಿರಲಿಲ್ಲ. ಎದ್ದು ಓಡಿದಳು. ಬೀಗ. ಕಿಟಕಿಗೆ ಬಂದಳು. ಸರಳು. ಕೈ ಹಾಕಿದರೆ ಪಾತ್ರೆ ಒಂದು ಮೊಳ ದೂರ. ಅಲ್ಲೇ ನಿಂತು, ಅನ್ನ ಕರಕಾಗುವುದನ್ನೂ ಸಾರು ಗಟ್ಟಿಯಾಗಿ, ಕಪ್ಪಾಗಿ, ಹೊಗೆಯಾಗುವುದನ್ನೂ ಕಣ್ಣಾರೆ ನೋಡಿದಳು. ಅವಳ ವ್ರತ ಉಳಿಯಿತು. ಸಾರು ಉಳಿಯಲಿಲ್ಲ.

ಅತ್ತ ಹುಡುಕುವ ದಂಡು ಕೆರೆಯ ಅಂಚಿಗೆಲ್ಲ ಹಗ್ಗ ಬೀಸಿ, ಕೂಗಿ, ಕೊನೆಗೆ ಬಂಡೆ ಹತ್ತಿತು. ಬಂಡೆಯ ಆಚೆ ನೆರಳಲ್ಲಿ ಒಂಬತ್ತನೇ ನಂಬರಿನ ದಂಪತಿಗಳು ಒಂದೇ ಸೀಬೆಹಣ್ಣನ್ನು ಇಬ್ಬರೂ ಕಚ್ಚಿಕೊಂಡು ಕೂತಿದ್ದರು. ಮೇಲಿಂದ ಎಂಟು ತಲೆ ಒಟ್ಟಿಗೆ ಇಣುಕಿದ್ದು ನೋಡಿ ಹುಡುಗಿ ಸೆರಗು ಮುಖಕ್ಕೆ ಎಳೆದುಕೊಂಡಳು.

"ಬಿಲ್ಲೆ ಎಲ್ಲಿ?" ಎಂದು ಗುಡುಗಿದ ಕೋದಂಡಪ್ಪ.

"ಯಾವ ಬಿಲ್ಲೆ?" ಎಂದ ಹುಡುಗ, ಬೀಗದ ಕೈ ಹಿಡಿದ ಕೈಯನ್ನೇ ಎತ್ತಿ.

ಇಳಿಯುವಾಗ ಆರುಮುಗಂ ಕಾಲು ಜಾರಿ ಉಳುಕಿಸಿಕೊಂಡ. ಅವನನ್ನು ಇಬ್ಬರು ಹೊತ್ತು ತಂದರು. ಬೀಗ ತೆಗೆದಾಗ ಒಳಗಿಂದ ಹೊಗೆ ಬಂತು.

ಗಂಟೆ ಎರಡೂವರೆ. ಹದಿನಾಲ್ಕು ಹೊಟ್ಟೆ. ಮಗು ಅಳತೊಡಗಿತು. ಬೆಂಗಳೂರಿನಿಂದ ಬಂದಿದ್ದ ಕನ್ನಡಕದ ಅಮ್ಮನೊಬ್ಬರು, "ಎಲ್ಲ ಸೇರಿ ಅಂದಿರಿ, ಈ ಮಸಿಯೂ ಸೇರಿನಾ?" ಎಂದರು. ಮ್ಯಾನೇಜರ್ ಸುತ್ತಲೂ ನೋಡಿದ. ಅವನ ಕಣ್ಣು ನಿಂತದ್ದು ಆದಿಲಕ್ಷ್ಮಮ್ಮನ ಮೇಲೆ. ಒಬ್ಬೊಬ್ಬರದಾಗಿ ಎಲ್ಲರ ಕಣ್ಣೂ ಅಲ್ಲೇ ಬಂದು ನಿಂತವು. ಅವಳು ಆ ಹೊತ್ತಿಗೆ ತಿರುಗಿ ತನ್ನ ಎಲೆಯ ಮುಂದೆ ಕೂತಿದ್ದಳು.

"ಅಮ್ಮನೋರೇ, ನೀವೊಂದು ಸ್ವಲ್ಪ ಮನಸ್ಸು ಮಾಡಿದ್ರೆ..."

"ಹೌದು, ನಿಮಗಾದರೆ ಅಭ್ಯಾಸ ಇರುತ್ತಲ್ಲ" ಎಂದರು ಕನ್ನಡಕದ ಅಮ್ಮ.

"ಅಭ್ಯಾಸ ಇರೋದ್ಕೇ ಇಲ್ಲಿಗೆ ಬಂದಿದ್ದು ತಾಯಿ" ಎಂದಳು ಆದಿಲಕ್ಷ್ಮಮ್ಮ.

ಕೋದಂಡಪ್ಪ ಹತ್ತಿರ ಬಂದು ಬಗ್ಗಿದ. ಮೂವತ್ತಾರು ವರ್ಷದಲ್ಲಿ ಅವನು ಅವಳ ಮುಂದೆ ಬಗ್ಗಿದ್ದು ಚಪ್ಪಲಿ ಹುಡುಕುವಾಗ ಮಾತ್ರ.

"ಆದೀ, ಒಂದೇ ಒಂದು ಒತ್ತು. ಮಾನ ಓಗ್ತೈತೆ. ಒಂದು ಉಪ್ಪಿಟ್ಟು ಕೆದಕಿಬಿಡು."

ಅವಳು ಅವನನ್ನೇ ನೋಡಿದಳು. ಆಮೇಲೆ ಕೈ ಚಾಚಿದಳು.

"ನಿನ್ನ ಜೇಬಿನಾಗಿರೋ ಬಿಲ್ಲೆ ಕೊಡು ಮಾವ."

"ಯಾಕೆ?"

"ಕೊಡು ಅಂದ್ನಲ್ಲ."

ಕೊಟ್ಟ. ಅವಳು ಎದ್ದು, ನಿಧಾನಕ್ಕೆ ಹಲಗೆಯ ಹತ್ತಿರ ನಡೆದಳು. ಕೊನೆಯಲ್ಲಿ ನಂಬರಿಲ್ಲದ ಹನ್ನೊಂದನೇ ಮೊಳೆಯೊಂದಿತ್ತು. ೨೧೨ನ್ನು ಅದಕ್ಕೆ ನೇತುಹಾಕಿದಳು. ಸವೆದ ತೂತು, ಒಂದು ಸಲ ಜಾರಿ ಬಿತ್ತು. ಎತ್ತಿ ಮತ್ತೆ ಹಾಕಿದಳು. ಈ ಸಲ ನಿಂತಿತು.

"ನೋಡು. ನನ್ನ ಬಿಲ್ಲೆ ಬಿದ್ದೈತೆ. ನಾನು ಮ್ಯಾಲೆ ಬಂದಿದೀನಿ. ಬಿಲ್ಲೆ ಬಿದ್ದೋರ್ನ ಅದೇ ದಿನ ಮತ್ತೆ ಕೆಳಕ್ಕೆ ಇಳಿಸ್ತೀಯಾ?"

ಕೋದಂಡಪ್ಪ ಬಿಲ್ಲೆ ನೋಡಿದ. ಹಲಗೆ ನೋಡಿದ. ದೊಡ್ಡ ಸಾಹೇಬರ ಮುಖಕ್ಕೆ ಕಿಟಕಿ ಮುಚ್ಚಿದ ಮನುಷ್ಯ ಅವನು. ಆ ಕಥೆಯನ್ನು ಹಿಂದಿನ ರಾತ್ರಿಯಷ್ಟೇ ಇಲ್ಲಿದ್ದವರಿಗೆಲ್ಲ ಹೇಳಿದ್ದ. ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ಇಳಿಸೋ ಅಂಗಿಲ್ಲ" ಎಂದ ಸಣ್ಣ ದನಿಯಲ್ಲಿ. ಆಮೇಲೆ ಮ್ಯಾನೇಜರನ ಕಡೆ ತಿರುಗಿ ದೊಡ್ಡ ದನಿಯಲ್ಲಿ, "ಇಳಿಸೋ ಅಂಗಿಲ್ಲ ಕಣಯ್ಯ! ಯಾರು ಯೋಳಿದ್ರೂ ಇಲ್ಲ. ರಾಗಿ ಇಟ್ಟು ಎಲ್ಲೈತೆ?"

ಪಂಚೆ ಎತ್ತಿ ಕಟ್ಟಿ ಅವನೇ ಒಳಗೆ ಹೋದ. ಆರುಮುಗಂ ಕಾಲನ್ನು ಅಕ್ಕಿ ಮೂಟೆಯ ಮೇಲೆ ಚಾಚಿಕೊಂಡು ಗುರುವಾಗಿ ಕೂತ. ಹೊರಗಿನವರಿಗೆ ಕಾಣುತ್ತಿರಲಿಲ್ಲ, ಕೇಳುತ್ತಿತ್ತು.

"ಅಣ್ಣೇ, ನೀರು ಕುದೀಲಿ, ಆಮೇಲೆ ಹಿಟ್ಟು!"

"ಆಗಲೇ ಆಕಿಬಿಟ್ನಲ್ಲ."

"ಐಯೋ. ತಿರುವು ಅಣ್ಣೇ, ಗಟ್ಟಿಯಾಗಿ ತಿರುವು. ಕೋಲನ್ನ ಎರಡು ಕಾಲ ನಡುವೆ... ಅಲ್ಲಲ್ಲ, ಪಾತ್ರೇನ ಒತ್ತಿ ಹಿಡಿ!"

"ಇದೇನಯ್ಯ, ಗಣಿ ಅಗೆದಂಗೆ ಆಗ್ತೈತೆ."

ಒಮ್ಮೆ ತಲೆ ಹೊರಗೆ ಹಾಕಿ, "ಆದೀ, ಉಪ್ಪು ಎಷ್ಟು ಆಕ್ತೀಯಾ ನೀನು?" ಎಂದ.

ಅವಳು ಮೊಳೆಯ ಕಡೆ ಬೆರಳು ತೋರಿಸಿದಳು. ತಲೆ ಒಳಗೆ ಹೋಯಿತು.

ಮೂರೂವರೆಗೆ ಮುದ್ದೆ ಬಂತು. ಜೊತೆಗೆ ಹುಣಸೆಹಣ್ಣು ಕಿವಿಚಿ, ಈರುಳ್ಳಿ ಹಸಿಮೆಣಸು ಹೆಚ್ಚಿ ಹಾಕಿದ ಹಸಿಗೊಜ್ಜು. ಕೋದಂಡಪ್ಪನ ಮೀಸೆಯಲ್ಲಿ ಹಿಟ್ಟು, ಮುಂಗೈಗೆ ಸುಟ್ಟ ಬೊಬ್ಬೆ. ಅವನು ಮೊದಲನೇ ಮುದ್ದೆಯನ್ನು ತಂದು ಅವಳ ಎಲೆಗೆ ಹಾಕಿದ. ಅದು ಉಂಡೆಯಾಗಿರಲಿಲ್ಲ, ಹಿಂದಿನ ಬಂಡೆಯ ಆಕಾರದಲ್ಲಿತ್ತು. ಮುರಿದರೆ ಒಳಗೆ ಕಡಲೆಬೀಜದಷ್ಟು ದಪ್ಪದ ಹಸಿಹಿಟ್ಟಿನ ಗಂಟುಗಳು. ಗೊಜ್ಜಿಗೆ ಉಪ್ಪು ಎರಡು ಸಲ ಬಿದ್ದಿತ್ತು.

ಆದರೆ ಮುರಿದ ಕಡೆಯಿಂದ ಹಬೆ ಎದ್ದಿತು. ಎದ್ದು ಅವಳ ಮುಖಕ್ಕೇ ಬಡಿಯಿತು.

"ಎಂಗೈತೆ?" ಎಂದ, ನಿಂತುಕೊಂಡೇ.

"ಗಂಟು."

"ತಿನ್ನಾಕೆ ಆಗ್ತೈತಾ?"

"ಬಿಸಿ ಐತೆ" ಎಂದಳು. ಗಂಟುಗಳನ್ನು ಒಂದೊಂದಾಗಿ ಎಲೆಯ ಅಂಚಿಗೆ ಸಾಲಾಗಿ ಇಡುತ್ತ, ಏಳದೆ, ಕೊನೆಯ ತುತ್ತಿನತನಕ ತಿಂದಳು. ಪಕ್ಕದಲ್ಲಿ ಕನ್ನಡಕದ ಅಮ್ಮ ಒಂದು ಗಂಟನ್ನು ನುಂಗಲಾರದೆ ನೀರು ಕುಡಿಯುತ್ತಿದ್ದರು. ಆದಿಲಕ್ಷ್ಮಮ್ಮ ಅವರಿಗೂ ನೀರು ಬಡಿಸಲಿಲ್ಲ. ಕೈ ತೊಳೆದು ಬಂದು ಎಲೆಅಡಿಕೆ ಚೀಲ ಬಿಚ್ಚಿ ಒಂದು ಹುಣಸೆ ಬೀಜವನ್ನು ಕೆರೆಯ ಕಡೆ ಎಸೆದಳು.

ಆರುಮುಗಂನ ಕಾಲಿನ ಊತ ಭಾನುವಾರಕ್ಕೂ ಇಳಿಯಲಿಲ್ಲ. ಶನಿವಾರ ರಾತ್ರಿ ಕೋದಂಡಪ್ಪನ ಮುದ್ದೆಯ ಗಂಟು ಸಣ್ಣದಾಯಿತು. ಭಾನುವಾರ ಬೆಳಗಿನ ಉಪ್ಪಿಟ್ಟು ಪಾಯಸದ ಹಾಗಿದ್ದರೂ ಬಿಸಿಯಾಗಿತ್ತು. ಮಧ್ಯಾಹ್ನದ ಮುದ್ದೆ ಮುಕ್ಕಾಲು ಪಾಲು ದುಂಡಗಿತ್ತು. ಭಾನುವಾರ ಬೆಳಗಾದ ಕೂಡಲೇ ಅವಳು ೨೧೨ನ್ನು ತಾನೇ ತೆಗೆದು ಮತ್ತೆ ನೇತುಹಾಕಿದ್ದಳು, ಹೊಸ ದಿನಕ್ಕೆ ಹೊಸ ಲೆಕ್ಕವೆಂದು. ಹೊರಡುವಾಗ ಮ್ಯಾನೇಜರ್, "ಸೀಸನ್ನಿಗೆ ಬನ್ನಿ ಯಜಮಾನ್ರೇ, ಬೀಗದ ಕೈ ನೋಡ್ಕೊಳ್ಳೋಕೆ" ಎಂದ. ಮರ್ಯಾದೆಗೆ ಹೇಳಿದ ಮಾತು.

"ಬೀಗದ ಕೈಗೆ ಬೇಡಿ ಸಾಮಿ, ಸಾಯಿಸಿಬಿಡ್ತಾರೆ" ಎಂದಳು ಆದಿಲಕ್ಷ್ಮಮ್ಮ. "ಅಡಿಗೆಗೆ ಕರೀರಿ. ಕಲೀತಾವ್ರೆ."

ಊರಿಗೆ ಬಂದ ಮರುವಾರ ವರಲಕ್ಷ್ಮಮ್ಮ ವಿಚಾರಿಸಲು ಬಂದಳು. ಅವಳು ಒಂದು ವಾರದಿಂದ ತಡೆದುಕೊಂಡಿದ್ದಳು.

"ಏನಕ್ಕಾ, ಕೊಟ್ಟ ದುಡ್ಡಿಗೆ ಗಿಟ್ಟಿತಾ?"

ಆದಿಲಕ್ಷ್ಮಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಭಾನುವಾರ, ಮಧ್ಯಾಹ್ನ ಹನ್ನೆರಡು. ಆ ಹೊತ್ತಿನಲ್ಲಿ ಅವಳನ್ನು ಜಗಲಿಯ ಮೇಲೆ ಯಾರೂ ಕಂಡದ್ದಿಲ್ಲ.

"ಏಳರಾಗೆ ನಾಕು ಗಿಟ್ಟಿತು."

"ಇನ್ನು ಮೂರು?"

"ಮನೇಲಿ ವಸೂಲಿ ಮಾಡ್ತಾ ಇದೀನಿ."

ವರಲಕ್ಷ್ಮಮ್ಮ ಒಳಗೆ ಇಣುಕಿದಳು. ಅಡುಗೆಕೋಣೆಯ ಬಾಗಿಲ ಪಕ್ಕದಲ್ಲಿ ಹೊಸ ಮೊಳೆ, ಮೊಳೆಯಲ್ಲಿ ಹಿತ್ತಾಳೆ ಬಿಲ್ಲೆ. ಅದರಾಚೆ ಕೋದಂಡಪ್ಪ ಎರಡು ಪಾದಗಳ ನಡುವೆ ಪಾತ್ರೆ ಹಿಡಿದು, ಬೆವರು ಸುರಿಸಿಕೊಂಡು ಕೋಲು ತಿರುವುತ್ತಿದ್ದ.

"ಅಯ್ಯೋ ಶಿವನೇ! ಮಾವನ ಕೈಲಿ ಮುದ್ದೆ ಮಾಡಿಸ್ತಾ ಇದೀಯಲ್ಲ, ನಾಕು ಜನ ಏನಂತಾರೆ?"

"ನಾಕು ಜನ ಬಂದ್ರೆ ಇನ್ನೊಂದು ಸೇರು ಇಟ್ಟು ಆಕ್ತಾರೆ, ಬರಾಕೆ ಯೋಳು."

ಒಳಗಿಂದ ಕೂಗು ಬಂತು. "ಆದೀ, ನೀರು ಇನ್ನೊಂದು ಲೋಟ ಬಿಡ್ಲಾ?"

ಆದಿಲಕ್ಷ್ಮಮ್ಮ ತಿರುಗಿ ನೋಡದೆ ಮೊಳೆಯ ಕಡೆ ಬೆರಳು ತೋರಿಸಿದಳು.

ಆ ಭಾನುವಾರ ಒಂದು ಬೀಜ ಎಸೆದಳು. ಮುಂದಿನ ಭಾನುವಾರ ಇನ್ನೊಂದು. ಕೊನೆಯದೊಂದು ಉಳಿಯಿತು. ಅದನ್ನು ಮಾತ್ರ ಅವಳು ಅಂದೂ ಎಸೆಯಲಿಲ್ಲ, ಆಮೇಲೂ ಎಸೆಯಲಿಲ್ಲ. ಪ್ರತಿ ಭಾನುವಾರ ಬಿಸಿ ಮುದ್ದೆ ಉಂಡು, ಕೈ ತೊಳೆದು, ಚೀಲ ಬಿಚ್ಚಿ ಬೀಜವನ್ನು ಅಂಗೈ ಮೇಲಿಟ್ಟುಕೊಂಡು ನೋಡಿ, ಯಾಕೋ ಇವತ್ತಿನದು ಅಷ್ಟು ಬಿಸಿಯಿರಲಿಲ್ಲ ಮಾವ ಎಂದು ಹೇಳಿ, ತಿರುಗಿ ಚೀಲಕ್ಕೆ ಹಾಕುತ್ತಿದ್ದಳು.